ಪೆಲೆಟ್ ಸರಿಯಾಗಿ ಕೂತಿದೆಯಾ? ಏರ್ ರೈಫಲ್ ಗ್ರೂಪ್ ಚೆದುರಿದಾಗ ಎಲ್ಲಿಂದ ಹುಡುಕಬೇಕು

ನಮ್ಮ ಮನೆಯ ಹಿಂದೆ ಒಂದು ಉದ್ದ ಪಡಸಾಲೆ ಇದೆ. ಶಹಾಬಾದ್ ಕಲ್ಲಿನ ನೆಲ, ಆ ತುದಿಗೆ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಸೀಸದ ಗುಂಡು) ತಡೆದು ಹಿಡಿಯುವ ದಪ್ಪ ಕಬ್ಬಿಣದ ಪೆಟ್ಟಿಗೆ. ಮಗಳು ಅಲ್ಲೇ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಾಳೆ. ಕಲಬುರಗಿಯ ಬೇಸಿಗೆ ನಿಮಗೆ ಗೊತ್ತೇ ಇದೆ, ಹಾಗಾಗಿ ಮೇ ತಿಂಗಳಲ್ಲಿ ಬೆಳಿಗ್ಗೆ ಆರಕ್ಕೇ ಶುರು. ಏಪ್ರಿಲ್‌ವರೆಗೆ 60 ಶಾಟಿಗೆ 612, 614 ಪಾಯಿಂಟ್ ಹೊಡೆಯುತ್ತಿದ್ದವಳು ಒಂದೇ ವಾರದಲ್ಲಿ 600ಕ್ಕೆ ಇಳಿದಳು.

ಎಲ್ಲರೂ ಅವಳ ಮೇಲೇ ಹೇಳಿದರು. ಉಸಿರು ಹಿಡಿಯುವುದು ಸರಿ ಇಲ್ಲ, ಟ್ರಿಗರ್ ಎಳೆದುಬಿಡ್ತಾಳೆ, ಫೋನ್ ಜಾಸ್ತಿ ಆಗಿದೆ. ನಾನೂ ಬೈದೆ. ಅದು ಇವತ್ತಿಗೂ ನನಗೆ ನೋವು. ಮೂರು ಬೇರೆ ಬೇರೆ ಡಬ್ಬಿ ಪೆಲೆಟ್ ತರಿಸಿದೆ. ಗುರಿ ನೋಡುವ ಸೈಟ್ ಬಿಚ್ಚಿ ಮತ್ತೆ ಕಟ್ಟಿದೆ. ಎರಡು ವಾರ ಹೋಯಿತು. ಕೊನೆಗೆ ಒಂದು ಸಂಜೆ ಬ್ಯಾರೆಲ್ಲಿನಲ್ಲಿ ಕೂರಿಸಿದ ಪೆಲೆಟ್ಟನ್ನು ಹಾರಿಸದೆ ಹಾಗೇ ಹಿಂದಕ್ಕೆ ತಳ್ಳಿ ತೆಗೆದು, ಲೆನ್ಸ್ ಕೆಳಗಿಟ್ಟು ನೋಡಿದೆ. ಬ್ಯಾರೆಲ್ಲಿನೊಳಗೆ ಸುರುಳಿಯಾಗಿ ಕೊರೆದಿರುವ ಗೀರುಗಳ ಗುರುತು ಒಂದು ಕಡೆ ಆಳವಾಗಿ ಮೂಡಿತ್ತು. ಇನ್ನೊಂದು ಕಡೆ ಸೀಸ ಹೊಳೆಯುತ್ತಿತ್ತು, ಏನೂ ತಾಗಿಯೇ ಇರಲಿಲ್ಲ. ಪೆಲೆಟ್ ಓರೆಯಾಗಿ ಕೂರುತ್ತಿತ್ತು.

ಪೆಲೆಟ್ ಇಡುವ ಕಡೆ, ಅಂದರೆ ಬ್ಯಾರೆಲ್ಲಿನ ಹಿಂಬಾಯಿಗೆ, ಟಾರ್ಚ್ ಹಿಡಿದಾಗ ಕಾರಣವೂ ಕಾಣಿಸಿತು. ಕೆಳಗಡೆ ಉಗುರಿನ ಚೂರಿನಷ್ಟು ತೆಳ್ಳಗಿನ ಸೀಸದ ಸಿಪ್ಪೆ, ಅರ್ಧಚಂದ್ರದ ಆಕಾರದ್ದು, ಅಂಟಿಕೊಂಡು ಕೂತಿತ್ತು. ಯಾವತ್ತೋ ಒಂದು ಪೆಲೆಟ್ ತಿರುಗಿಬಿದ್ದಾಗ, ಪೆಲೆಟ್ಟನ್ನು ಒಳಗೆ ತಳ್ಳಿ ಮುಚ್ಚುವ ಲಿವರನ್ನು ಜೋರಾಗಿ ಮುಚ್ಚಿರಬೇಕು. ಅಲ್ಲಿ ಹರಿದ ಸಿಪ್ಪೆ ಅಲ್ಲೇ ಉಳಿದು, ಆಮೇಲೆ ಬಂದ ಪ್ರತಿಯೊಂದು ಪೆಲೆಟ್ಟನ್ನೂ ಮೇಲಕ್ಕೆ ಎತ್ತಿ ಕೂರಿಸುತ್ತಿತ್ತು. ಬೇವಿನ ಕಡ್ಡಿಯ ತುದಿಯಿಂದ ಅದನ್ನು ಬಿಡಿಸಿದೆ. ಮರುದಿನ ಮೊದಲ 15 ಶಾಟ್ ಆದ ಮೇಲೆ ಅವಳ ಗ್ರೂಪ್, ಅಂದರೆ ತೂತುಗಳು ಒತ್ತಾಗಿ ಒಂದೇ ಕಡೆ ಬೀಳುವುದು, ವಾಪಸ್ ಬಂತು.

ನಾನು ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಶಾಫ್ಟಿನ ಮೇಲೆ ಬೇರಿಂಗ್ ಕೂದಲೆಳೆಯಷ್ಟು ಓರೆಯಾಗಿ ಕೂತರೂ ಏನಾಗುತ್ತದೆ ಅಂತ ದಿನಾ ನೋಡುತ್ತೇನೆ. ಪೆಲೆಟ್ಟಿನ ವಿಷಯವೂ ಅಷ್ಟೇ. ಅದು ಹೇಗೆ ಕೂರುತ್ತದೋ ಹಾಗೆ ಹಾರುತ್ತದೆ. ಗ್ರೂಪ್ ಚೆದುರಿದರೆ ಮಕ್ಕಳ ಕೈಯನ್ನು ದೂರುವ ಮೊದಲು, ಹೊಸ ಡಬ್ಬಿಗೆ ದುಡ್ಡು ಹಾಕುವ ಮೊದಲು, ಪೆಲೆಟ್ ಕೂರುವ ಜಾಗ ನೋಡಿ. ನಾನು ಹುಡುಕುವ ಕ್ರಮ ಮುಂದಿದೆ.

ಮೊದಲು ಎರಡು ಎಚ್ಚರದ ಮಾತು

4.5 ಮಿ.ಮೀ. ಬೋರಿನ (ಬ್ಯಾರೆಲ್ಲಿನ ಒಳ ಅಗಲ), ಹೊಡೆತದ ಶಕ್ತಿ 20 ಜೂಲ್ ಮೀರದ ಏರ್ ರೈಫಲ್ಲಿಗೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ಹಾಗಂತ ಅದು ಆಟಿಕೆ ಅಲ್ಲ. 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಸುಮಾರು 7.7 ಜೂಲ್ ಆಗುತ್ತದೆ. ಕಣ್ಣು ಹೋಗಲು ಅಷ್ಟು ಧಾರಾಳ ಸಾಕು. ಒಳಗೆ ನೋಡುವ ಕೆಲಸ ಇದ್ದರೆ, ಒತ್ತಿ ತುಂಬಿದ ಗಾಳಿಯ ಸಿಲಿಂಡರ್ ಇರುವ ರೈಫಲ್ಲಿನಲ್ಲಿ ಮೊದಲು ಪೆಲೆಟ್ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ಸಿಲಿಂಡರ್ ಬಿಚ್ಚಿಡಿ. ಪೆಟ್ಟಿಗೆಯ ಕಡೆ ಮುಖ ಮಾಡಿ ಉಳಿದ ಗಾಳಿ ಹೊರಹೋಗುವವರೆಗೆ ಹಾರಿಸಿ. ಆಮೇಲೆ ಲಿವರ್ ತೆರೆದೇ ಇಡಿ.

ಬ್ಯಾರೆಲ್ ಬಗ್ಗಿಸಿ ತುಂಬುವ ಸ್ಪ್ರಿಂಗ್ ರೈಫಲ್ಲಿನಲ್ಲಿ ಅಪಾಯ ಬೇರೆ ಥರ. ಸ್ಪ್ರಿಂಗ್ ಕಟ್ಟಿಕೊಂಡಿರುವಾಗ (ಒತ್ತಿ ಹೊಡೆಯಲು ಸಿದ್ಧವಾಗಿರುವಾಗ) ಬ್ಯಾರೆಲ್ ಚಿಮ್ಮಿ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ. ಪೆಲೆಟ್ ಇಡುವಾಗ ಇನ್ನೊಂದು ಕೈಯಲ್ಲಿ ಬ್ಯಾರೆಲ್ ಗಟ್ಟಿಯಾಗಿ ಹಿಡಿದಿರಲೇಬೇಕು. ಪರೀಕ್ಷೆಗಾದರೆ ಬ್ಯಾರೆಲ್ ಸ್ವಲ್ಪವೇ ಬಗ್ಗಿಸಿ, ಸ್ಪ್ರಿಂಗ್ ಕಟ್ಟಿಕೊಳ್ಳುವ ಮೊದಲೇ ನಿಲ್ಲಿಸಿ.

ದೋಷ ಕೈಯದೋ ರೈಫಲ್ಲಿನದೋ?

ಇದನ್ನು ಮೊದಲು ಬೇರೆ ಮಾಡಿ. ಇಲ್ಲದಿದ್ದರೆ ಮುಂದಿನದೆಲ್ಲ ಕತ್ತಲಲ್ಲಿ ಸೂಜಿ ಹುಡುಕಿದಂತೆ. ಗೋಧಿಯೋ ಮರಳೋ ತುಂಬಿದ ಎರಡು ಚೀಲ ಮೇಜಿನ ಮೇಲಿಡಿ. ರೈಫಲ್ ಅದರ ಮೇಲೆ ಕೂರಿಸಿ, ಐದೈದು ಶಾಟಿನ ನಾಲ್ಕು ಗ್ರೂಪ್ ಹೊಡೆಯಿರಿ. ಪ್ರತಿ ಗ್ರೂಪಿಗೆ ಹೊಸ ಹಾಳೆ. ಸ್ಪ್ರಿಂಗ್ ರೈಫಲ್ಲನ್ನು ನೇರವಾಗಿ ಚೀಲದ ಮೇಲೆ ಇಡಬೇಡಿ, ಅದು ಒದೆಯುತ್ತದೆ. ಚೀಲದ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್. ಹಿಡಿತ ಸಡಿಲವಾಗಿರಲಿ.

ಸ್ಪರ್ಧೆಗೆಂದೇ ಮಾಡಿದ ಒಳ್ಳೆಯ ಮ್ಯಾಚ್ ರೈಫಲ್ ಹೀಗೆ ಆನಿಸಿ ಹೊಡೆದಾಗ ನಮ್ಮ ಪಡಸಾಲೆಯಲ್ಲಿ ಐದು ಶಾಟೂ ಸೇರಿ ಒಂದೇ ತೂತು ಮಾಡುತ್ತದೆ. ಹೊರ ಅಂಚಿನಿಂದ ಹೊರ ಅಂಚಿಗೆ 7 ಮಿ.ಮೀ. ಆಸುಪಾಸು. ಭಾನುವಾರ ನಮ್ಮಲ್ಲಿಗೆ ಅಭ್ಯಾಸಕ್ಕೆ ಬರುವ ಹುಡುಗರ ಸ್ಪ್ರಿಂಗ್ ರೈಫಲ್ 12ರಿಂದ 15 ಮಿ.ಮೀ. ಕೊಟ್ಟರೆ ನನಗೆ ಸಮಾಧಾನ. ಆನಿಸಿ ಹೊಡೆದಾಗ ಗ್ರೂಪ್ ಸರಿ ಇದ್ದು, ನಿಂತು ಹೊಡೆದಾಗ ಮಾತ್ರ ಚೆದುರಿದರೆ ರೈಫಲ್ ಬಿಟ್ಟು ತರಬೇತಿಗೆ ಹೋಗಿ. ಚೀಲದ ಮೇಲೂ ಚೆದುರಿದರೆ ಮುಂದೆ ಓದಿ.

ಹಾಳೆ ಏನು ಹೇಳುತ್ತಿದೆ?

ತೂತುಗಳು ಮೇಲಿಂದ ಕೆಳಕ್ಕೆ ಸಾಲಾಗಿ ಬಿದ್ದಿದ್ದರೆ ವೇಗ ಏರಿಳಿಯುತ್ತಿದೆ ಅಂತ ಅರ್ಥ. ಲೆಕ್ಕ ನೀವೇ ಮಾಡಬಹುದು. ಸೆಕೆಂಡಿಗೆ 170 ಮೀಟರಿನಲ್ಲಿ ಹೊರಟ ಪೆಲೆಟ್ 10 ಮೀಟರ್ ದಾಟುವಷ್ಟರಲ್ಲಿ ಸುಮಾರು 17 ಮಿ.ಮೀ. ಕೆಳಗೆ ಬೀಳುತ್ತದೆ. ಗಾಳಿಯ ತಡೆ ಸೇರಿದರೆ ಇನ್ನು ಸ್ವಲ್ಪ ಜಾಸ್ತಿ. ಅದೇ 165 ಮೀಟರಿನಲ್ಲಿ ಹೊರಟರೆ 18 ಮಿ.ಮೀ. ಅಂದರೆ ಬರೀ 5 ಮೀಟರ್ ವೇಗದ ವ್ಯತ್ಯಾಸಕ್ಕೆ 1 ಮಿ.ಮೀ. ಹೋಯಿತು. ಒಂದು ಮಿ.ಮೀ. ತಾನೇ ಅನ್ನಬೇಡಿ. 10 ಮೀಟರ್ ರೈಫಲ್ ಹಾಳೆಯಲ್ಲಿ ಪ್ರತಿ 0.25 ಮಿ.ಮೀ.ಗೆ ಪಾಯಿಂಟಿನ ಹತ್ತನೇ ಒಂದು ಭಾಗ ಹೋಗುತ್ತದೆ. ಒಂದು ಶಾಟಿನ ಪೂರ್ತಿ ಪಾಯಿಂಟ್ 10.9 ಆಗಬೇಕಾದದ್ದು 10.5 ಆಯಿತು. ಹತ್ತರ ಬಿಳಿ ಚುಕ್ಕೆ ಇರುವುದೇ 0.5 ಮಿ.ಮೀ. ಪೆಲೆಟ್ ಒಂದು ಸಲ ಬಿಗಿಯಾಗಿ, ಇನ್ನೊಂದು ಸಲ ಸಡಿಲವಾಗಿ ಕೂತರೆ ವೇಗದಲ್ಲಿ ಈ ಥರದ ಏರುಪೇರು ಸುಲಭವಾಗಿ ಬರುತ್ತದೆ.

ನಾಲ್ಕು ಒಂದೇ ಕಡೆ, ಒಂದು ಮಾತ್ರ ದೂರ ಹೋಗಿದ್ದರೆ ಆ ಒಂದು ಪೆಲೆಟ್ಟಿನ ಸ್ಕರ್ಟ್ (ಹಿಂದಿನ ತೆಳ್ಳಗಿನ ಅಂಚು) ಹಾಳಾಗಿತ್ತು ಅಂತ ಮೊದಲು ಅನುಮಾನಿಸಿ. ಎಲ್ಲ ಕಡೆ ದುಂಡಗೆ ಹರಡಿದ್ದರೆ ಓರೆ ಕೂರುವುದು, ಬ್ಯಾರೆಲ್ ಕೊಳೆ, ಅಥವಾ ಆ ಬ್ಯಾರೆಲ್ಲಿಗೆ ಒಗ್ಗದ ಪೆಲೆಟ್. ಬೇರೆ ಬೇರೆ ಎರಡು ಗುಂಪಾಗಿ ಬಿದ್ದರೆ ಸೈಟ್ ಅಲುಗುತ್ತಿದೆ, ಇಲ್ಲವೇ ಎರಡು ಲಾಟಿನ (ಕಾರ್ಖಾನೆಯಲ್ಲಿ ಬೇರೆ ಬೇರೆ ಸಲ ಮಾಡಿದ) ಪೆಲೆಟ್ ಒಂದೇ ಡಬ್ಬಿಯಲ್ಲಿ ಬೆರೆತಿವೆ. ಅಡ್ಡಡ್ಡ ಹರಡಿದ್ದರೆ ರೈಫಲ್ ವಾಲಿಸಿ ಹಿಡಿದಿದ್ದೀರಿ ಅಥವಾ ಸ್ಟಾಕಿನ (ಭುಜಕ್ಕೆ ಆನಿಸಿ ಹಿಡಿಯುವ ಭಾಗ) ಸ್ಕ್ರೂ ಸಡಿಲವಾಗಿದೆ. ಸ್ಕ್ರೂಗಳನ್ನು ಒಮ್ಮೆ ಮುಟ್ಟಿ ನೋಡಿಬಿಡಿ, ಎರಡು ನಿಮಿಷದ ಕೆಲಸ. ಬಿಗಿ ಮಾಡುವಾಗ ಪೂರ್ತಿ ಜೋರು ಹಾಕಬೇಡಿ. ಕೈಪಿಡಿಯಲ್ಲಿ ಹೇಳಿದಷ್ಟೇ.

ತಳ್ಳಿ ತೆಗೆದು ನೋಡುವ ಪರೀಕ್ಷೆ

ಎಲ್ಲಕ್ಕಿಂತ ಜಾಸ್ತಿ ಹೇಳುವ ಪರೀಕ್ಷೆ ಇದೇ, ಖರ್ಚೂ ಇಲ್ಲ. ಹಾಗಿದ್ದೂ ಮಾಡುವವರು ಕಡಿಮೆ.

ಪೆಲೆಟ್ಟಿನ ಆಕಾರ ಒಮ್ಮೆ ನೆನಪಿಸಿಕೊಳ್ಳಿ. ಡಮರುವಿನ ಹಾಗೆ ನಡು ಸಣ್ಣ. ಮುಂದೆ ಚಪ್ಪಟೆ ತಲೆ. ಹಿಂದೆ ಒಳಗೆ ಟೊಳ್ಳಾದ ತೆಳ್ಳಗಿನ ಅಂಚು, ಅದೇ ಸ್ಕರ್ಟ್. ಮಗಳು ಅದಕ್ಕೆ ಲಂಗ ಅಂತಾಳೆ, ನನಗೂ ಅದೇ ಬಾಯಿಗೆ ಬರುತ್ತದೆ. ತಲೆ ಬ್ಯಾರೆಲ್ಲಿನ ಗೀರುಗಳ ಮೇಲೆ ಹಗುರವಾಗಿ ಸವರಿಕೊಂಡು ದಾರಿ ಹಿಡಿಯುತ್ತದೆ. ಲಂಗ ಸ್ವಲ್ಪ ದೊಡ್ಡದು, ಗಾಳಿ ಹಿಂದಿನಿಂದ ನೂಕಿದಾಗ ಅಗಲವಾಗಿ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಗಾಳಿ ಪಕ್ಕದಿಂದ ನುಸುಳದಂತೆ ತಡೆಯುವುದು ಇದೇ ಲಂಗ. ನಮ್ಮ ಕಲಬುರಗಿ ಕೋಟೆಯ ಮೇಲಿನ ದೊಡ್ಡ ತೋಪು ನೋಡಿದ್ದೀರಲ್ವಾ? ಆ ಕಾಲದ ತೋಪುಗಳಲ್ಲಿ ಗುಂಡು ಬಾಯಿಗಿಂತ ಚಿಕ್ಕದಿರುತ್ತಿತ್ತು, ಸುತ್ತ ಸಂದು ಬಿಟ್ಟೇ ಹಾಕುತ್ತಿದ್ದರು. ಅಲ್ಲಿ ಕೋಟೆ ಗೋಡೆಗೆ ತಾಗಿದರೆ ಸಾಕಿತ್ತು. ಇಲ್ಲಿ ಗುರಿ ಅರ್ಧ ಮಿಲಿಮೀಟರ್.

ಹೀಗೆ ಮಾಡಿ. ರೈಫಲ್ ಮೇಲೆ ಹೇಳಿದಂತೆ ಖಾಲಿ ಮಾಡಿ. ಯಾವಾಗಲೂ ತುಂಬುವ ಹಾಗೇ ಪೆಲೆಟ್ ಇಡಿ, ಲಿವರ್ ಮುಚ್ಚಿ, ಮತ್ತೆ ತೆರೆಯಿರಿ. ಬ್ಯಾರೆಲ್ಲಿನ ಮುಂಬಾಯಿಂದ ಹಿತ್ತಾಳೆಯ ಅಥವಾ ಪ್ಲಾಸ್ಟಿಕ್ ಕೋಟಿಂಗ್ ಇರುವ ಕ್ಲೀನಿಂಗ್ ರಾಡ್ ನಿಧಾನ ಇಳಿಸಿ. ತುದಿ ಚಪ್ಪಟೆ ಮತ್ತು ಮೆತ್ತಗಿರಲಿ. ಕಬ್ಬಿಣದ ಸರಳು ಬೇಡವೇ ಬೇಡ, ಬ್ಯಾರೆಲ್ಲಿನ ಮುಂಬಾಯಿ ಗಾಯವಾದರೆ ರಿಪೇರಿ ಇಲ್ಲ. ಹಗುರವಾಗಿ ತಳ್ಳಿದರೆ ಪೆಲೆಟ್ ಹಿಂದೆ ಬರುತ್ತದೆ. ಐದು ಪೆಲೆಟ್ ಹೀಗೆ ತೆಗೆದು, ಬಿಳಿ ಹಾಳೆಯ ಮೇಲೆ ಸಾಲಾಗಿ ಇಟ್ಟು, ಗಡಿಯಾರ ರಿಪೇರಿ ಮಾಡುವವರ ಲೆನ್ಸಿನಲ್ಲಿ ನೋಡಿ.

ಸರಿಯಾಗಿ ಕೂತ ಪೆಲೆಟ್ಟಿನ ಮೇಲೆ ಗೀರಿನ ಗುರುತುಗಳು ಸುತ್ತಲೂ ಒಂದೇ ಸಮ ಇರುತ್ತವೆ. ಬಹಳಷ್ಟು ಮ್ಯಾಚ್ ಬ್ಯಾರೆಲ್‌ಗಳಲ್ಲಿ 12 ಗೀರು. ನಿಧಾನ ತಿರುಗಿಸುತ್ತ ಎಣಿಸಿ. ಏಳೋ ಎಂಟೋ ಸಿಕ್ಕಿ ಉಳಿದ ಕಡೆ ನುಣುಪಾಗಿದ್ದರೆ ಅದು ಓರೆ ಕೂತಿದೆ. ಐದೂ ಒಂದೇ ಕಡೆಗೆ ಓರೆಯಾಗಿದ್ದರೆ ಹಿಂಬಾಯಲ್ಲಿ ಏನೋ ಅಡ್ಡ ಇದೆ ಅಥವಾ ಪೆಲೆಟ್ ತಳ್ಳುವ ಪಿನ್ ಬಗ್ಗಿದೆ. ಒಂದೊಂದೂ ಒಂದೊಂದು ಕಡೆಗೆ ಓರೆಯಾಗಿದ್ದರೆ ತುಂಬುವ ಕೈಯಲ್ಲಿ ಅವಸರ ಇದೆ, ಅಥವಾ ಪೆಲೆಟ್ ಸೈಜ್ ಚಿಕ್ಕದು. ಯಾವ ಕಡೆ ಅಂತ ಗೊತ್ತಾಗಬೇಕಾದರೆ ಪೆಲೆಟ್ ಇಡುವ ಮೊದಲೇ ತಲೆಯ ಮೇಲೆ, 12 ಗಂಟೆಯ ಜಾಗಕ್ಕೆ, ಮಾರ್ಕರಿನಿಂದ ಚುಕ್ಕೆ ಇಡಿ.

ಲಂಗದ ಅಂಚನ್ನೂ ನೋಡಿ. ಒಂದು ಕಡೆ ಚಿವುಟಿದ ಹಾಗಿದೆಯಾ? ಸ್ಪ್ರಿಂಗ್ ರೈಫಲ್ಲಿನಲ್ಲಿ ಇದು ಬಲು ಸಾಮಾನ್ಯ. ಹೆಬ್ಬೆರಳಿನಿಂದ ಅರ್ಧ ಒತ್ತಿ ಬ್ಯಾರೆಲ್ ಮುಚ್ಚಿದರೆ ಹೊರಗೆ ಉಳಿದ ಅಂಚು ಬ್ಯಾರೆಲ್ ಮುಚ್ಚುವ ಸಂದಿಗೆ ಸಿಕ್ಕಿ ಮಡಚಿಕೊಳ್ಳುತ್ತದೆ. ಹೊರಬರುವಾಗ ಗಾಳಿ ಆ ಮಡಚಿದ ಕಡೆಯಿಂದ ಮೊದಲು ನುಗ್ಗಿ ಪೆಲೆಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ದೂರ ಹೋದ ಆ ಒಂದು ತೂತು ನೆನಪಿದೆಯಾ? ಅದು ಬಹುಪಾಲು ಇದೇ.

ತುಂಬುವ ಕೈ

ನಮ್ಮ ಹುಡುಗರಿಗೆ ನಾನು ಹೇಳಿಕೊಡುವುದು ಇಷ್ಟೇ. ಸ್ಪ್ರಿಂಗ್ ರೈಫಲ್ಲಿನಲ್ಲಿ ಪೆಲೆಟ್ಟನ್ನು ಹೆಬ್ಬೆರಳಿನಿಂದ ಇಟ್ಟು, ಬಾಲ್ ಪೆನ್ನಿನ ದುಂಡು ಕ್ಯಾಪಿನಿಂದ ಕೊನೆಯ ಒತ್ತು ಕೊಡಿ. ಲಂಗದ ಅಂಚು ಬ್ಯಾರೆಲ್ಲಿನ ಹಿಂಬಾಯಿಯ ಅಂಚಿಗೆ ಸಮ ಆಗಬೇಕು. ಕೆಲವು ಬ್ಯಾರೆಲ್ಲಿಗೆ ಕೂದಲಷ್ಟು ಒಳಗೆ ಹೋದರೆ ಇನ್ನೂ ಚೆನ್ನ. ಮುಖ್ಯವಾದದ್ದು ಪ್ರತಿ ಸಲ ಅಷ್ಟೇ ಆಳ. ಹೆಬ್ಬೆರಳು ಒಂದೊಂದು ದಿನ ಒಂದೊಂದು ಥರ ಒತ್ತುತ್ತದೆ, ಕ್ಯಾಪ್ ಹಾಗಲ್ಲ. ಎರಡೂ ರೀತಿ ಹತ್ತತ್ತು ಶಾಟ್ ಹೊಡೆದು ಹಾಳೆ ಪಕ್ಕ ಪಕ್ಕ ಇಟ್ಟು ನೋಡಿ, ನಿಮಗೇ ಕಾಣುತ್ತದೆ.

ಸಿಲಿಂಡರ್ ರೈಫಲ್ಲಿನಲ್ಲಿ ಲಿವರ್ ಮುಚ್ಚಿದಾಗ ಪಿನ್ನೇ ಪೆಲೆಟ್ಟನ್ನು ತಳ್ಳುವುದರಿಂದ ಆಳ ತಾನಾಗಿ ಒಂದೇ ಇರುತ್ತದೆ. ಇಲ್ಲಿ ತೊಂದರೆ ಅದಕ್ಕೂ ಮೊದಲು. ಪೆಲೆಟ್ಟನ್ನು ಮೇಲಿಂದ ಹಾಕಿಬಿಟ್ಟರೆ ಅದು ಉರುಳಿ ಹಿಂದುಮುಂದಾಗುತ್ತದೆ, ಇಲ್ಲವೇ ನೆಟ್ಟಗೆ ನಿಂತುಬಿಡುತ್ತದೆ. ನೋಡದೆ ಲಿವರ್ ಮುಚ್ಚಿದರೆ ಸಿಪ್ಪೆ ಏಳುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ. ಪೆಲೆಟ್ಟನ್ನು ಹಾಕಬೇಡಿ, ಇಡಿ. ತಲೆ ಮುಂದೆ ಇದೆಯಾ ಅಂತ ಒಂದು ಕ್ಷಣ ನೋಡಿ. ಲಿವರ್ ನಯವಾಗಿ ಮುಚ್ಚಿ. ಮುಚ್ಚುವಾಗ ಸ್ವಲ್ಪ ಗಟ್ಟಿ ಅನಿಸಿದರೂ ಅಲ್ಲೇ ನಿಲ್ಲಿಸಿ, ತೆರೆದು ನೋಡಿ. ಸ್ಪರ್ಧೆಯಲ್ಲಿ ಸಮಯ ಓಡುತ್ತಿರುತ್ತದೆ, ನಿಜ. ಆದರೂ ಈ ಒಂದು ಕ್ಷಣ ಕೊಡಿ.

ಸೈಜ್, ಮತ್ತು ಬಿಸಿಲಿನ ಮಾತು

ಡಬ್ಬಿಯ ಮೇಲೆ 4.49, 4.50, 4.51, 4.52 ಅಂತ ಬರೆದಿರುತ್ತದೆ. ಅದು ತಲೆಯ ಅಳತೆ, ಮಿ.ಮೀ.ನಲ್ಲಿ. ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ಉತ್ತರ ನಿಮ್ಮ ಬ್ಯಾರೆಲ್ಲಿನಲ್ಲಿ ಮಾತ್ರ ಇದೆ. ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ ಎರಡು ರೈಫಲ್ ಬೇರೆ ಬೇರೆ ಸೈಜ್ ಕೇಳಬಹುದು. ಸ್ಪ್ರಿಂಗ್ ರೈಫಲ್ಲಿನಲ್ಲಿ ಬೆರಳಿಗೇ ಗೊತ್ತಾಗುತ್ತದೆ. ಬ್ಯಾರೆಲ್ಲಿನ ಮುಂಬಾಯಿ ಕೆಳಗೆ ಮಾಡಿದರೆ ಪೆಲೆಟ್ ತಾನಾಗಿ ಒಳಗೆ ಜಾರಿ ಹೋಯಿತೋ, ಅದು ಚಿಕ್ಕದು. ಹೆಬ್ಬೆರಳು ನೋಯುವಷ್ಟು ಒತ್ತಬೇಕಾಯಿತೋ, ಅದು ದೊಡ್ಡದು. ಆಗ ಹಿಂಬಾಯಿಯ ಅಂಚಿನ ಮೇಲೆ ಸೀಸದ ತೆಳು ಉಂಗುರವೂ ಉಳಿಯುತ್ತದೆ. ಸಣ್ಣ ತಡೆಯೊಂದಿಗೆ ಹೋಗಿ ಕೂರುವುದು ಸರಿ. ಮೂರು ಸೈಜಿನ ಒಂದೊಂದು ಡಬ್ಬಿ ತಂದು, ಚೀಲದ ಮೇಲೆ ಆನಿಸಿ, ಪ್ರತಿಯೊಂದರಲ್ಲಿ 20 ಶಾಟ್ ಹೊಡೆದು ತೀರ್ಮಾನಿಸಿ. ಸರಿಹೋದದ್ದು ಸಿಕ್ಕರೆ ಅದೇ ಲಾಟ್ ನಂಬರಿನ ಡಬ್ಬಿಗಳನ್ನು ವರ್ಷಕ್ಕಾಗುವಷ್ಟು ಒಟ್ಟಿಗೆ ತರಿಸಿಬಿಡಿ. ನಾವು ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗುವವರಿದ್ದಾಗ ಹೇಳಿ ತರಿಸುತ್ತೇವೆ. ಬಿಡಿಯಾಗಿ ಪೊಟ್ಟಣದಲ್ಲಿ ಕಟ್ಟಿಕೊಡುವ ಛರ್ರಾ (ಬಿಡಿ ಪೆಲೆಟ್) ಮಾತ್ರ ಬೇಡ. ಅದರಲ್ಲಿ ಎಷ್ಟು ಲಾಟ್ ಬೆರೆತಿವೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಕಡೆ ಇನ್ನೊಂದು ಮಾತು ಓಡಾಡುತ್ತದೆ, ಬಿಸಿಲಿಗೆ ಪೆಲೆಟ್ ಉಬ್ಬಿ ಬಿಗಿಯಾಗುತ್ತದೆ ಅಂತ. ನಾನೂ ಮೊದಲು ನಂಬಿದ್ದೆ. ಲೆಕ್ಕ ಹಾಕಿದೆ. ಸೀಸ ಉಕ್ಕಿಗಿಂತ ಜಾಸ್ತಿ ಹಿಗ್ಗುವುದು ನಿಜ, ಎರಡು ಪಟ್ಟಿಗಿಂತಲೂ ಜಾಸ್ತಿ. ಆದರೆ 25 ಡಿಗ್ರಿಯಿಂದ 45ಕ್ಕೆ ಏರಿದರೂ 4.5 ಮಿ.ಮೀ. ಪೆಲೆಟ್ ಬ್ಯಾರೆಲ್ಲಿಗಿಂತ ಹೆಚ್ಚಾಗಿ ಹಿಗ್ಗುವುದು ಸುಮಾರು 0.0015 ಮಿ.ಮೀ. ಮಾತ್ರ. ಒಂದು ಸೈಜಿಗೂ ಮುಂದಿನ ಸೈಜಿಗೂ ಇರುವ ಅಂತರ 0.01. ಅಂದರೆ ಆರನೇ ಒಂದು ಪಾಲೂ ಅಲ್ಲ. ಬಿಗಿ ಆಗಿದ್ದರೆ ಬಿಸಿಲನ್ನು ಬಿಟ್ಟು ಕೊಳೆ ಹುಡುಕಿ.

ಬಿಸಿಲು ಕಾಡುವುದು ಸಿಲಿಂಡರನ್ನು. 25 ಡಿಗ್ರಿಯಲ್ಲಿ 200 ಬಾರ್ ಒತ್ತಡಕ್ಕೆ ತುಂಬಿದ ಸಿಲಿಂಡರ್ 45 ಡಿಗ್ರಿಗೆ ಬಂದರೆ 213 ಆಗುತ್ತದೆ. ಕಾರಿನೊಳಗೆ ಇನ್ನೂ ಮೇಲೆ. ಹಾಗಾಗಿ ನಿಲ್ಲಿಸಿದ ಕಾರಿನಲ್ಲಿ ಬಿಟ್ಟು ಹೋಗಬೇಡಿ, ತಂಪು ಹೊತ್ತಿನಲ್ಲಿ ಪೂರ್ತಿ ತುಂಬಿ ಬಿಸಿಲಿಗೆ ಒಯ್ಯಬೇಡಿ. ಇದು ಉಲ್ಟಾ ಕೂಡ ಆಗುತ್ತದೆ. ಡಿಸೆಂಬರಿನಲ್ಲಿ ಇಲ್ಲಿ ಮಧ್ಯಾಹ್ನ ಬಿಸಿಲಿಗೆ, ಸಿಲಿಂಡರ್ 35 ಡಿಗ್ರಿ ಇದ್ದಾಗ 200 ಬಾರ್ ತುಂಬಿಕೊಂಡು ಬೀದರಿಗೆ ಹೋದೆವು. ಅಲ್ಲಿನ ಬೆಳಗಿನ ಚಳಿ ಗೊತ್ತಲ್ಲ. 12 ಡಿಗ್ರಿಯಲ್ಲಿ ಒತ್ತಡದ ಮುಳ್ಳು 185ಕ್ಕೆ ಬಂದಿತ್ತು. ಸೋರುತ್ತಿದೆ ಅಂತ ಮಗಳು ಗಾಬರಿಯಾದಳು. ಸೋರಿಕೆ ಏನೂ ಇರಲಿಲ್ಲ, ಗಾಳಿ ತಣ್ಣಗಾಗಿತ್ತು ಅಷ್ಟೇ. ಹತ್ತು ಗಂಟೆಗೆ ಬಿಸಿಲು ಏರಿದಾಗ ಮುಳ್ಳೂ ಏರಿತು.

ಸೀಲ್ ಸೋರುತ್ತಿದೆಯಾ?

ಪೆಲೆಟ್ ನೆಟ್ಟಗೆ ಕೂತಿದೆ, ಸೈಜ್ ಸರಿ ಇದೆ, ಆದರೂ ತೂತುಗಳು ಮೇಲೆ ಕೆಳಗೆ ಹೋಗುತ್ತಿವೆ ಅಂದರೆ ಗಾಳಿ ಬೇರೆ ದಾರಿ ಹುಡುಕಿಕೊಂಡಿದೆ. ಸ್ಪ್ರಿಂಗ್ ರೈಫಲ್ಲಿನಲ್ಲಿ ಬ್ಯಾರೆಲ್ ಬಾಗುವ ಸಂದಿನಲ್ಲಿ ಒಂದು ಓ-ರಿಂಗ್, ಅಂದರೆ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರ, ಇರುತ್ತದೆ. ಮೊದಲಿನ ಹಾಗೇ ಚೀಲದ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್ ಇಟ್ಟು, ಆ ಸಂದಿನ ಮೇಲೆ ಟಿಶ್ಯೂ ಕಾಗದದ ಸಣ್ಣ ತುಂಡು ಹಾಸಿ. ಪೆಲೆಟ್ ತುಂಬಿ ಪೆಟ್ಟಿಗೆಗೆ ಹೊಡೆಯಿರಿ. ಕಾಗದ ಎಗರಿಬಿದ್ದರೆ ಸೀಲ್ ಹೋಗಿದೆ. ಸ್ವಲ್ಪ ನಡುಗಿದರೆ ಪರವಾಗಿಲ್ಲ, ಅದು ಒದೆತಕ್ಕೆ. ಪೆಲೆಟ್ ಇಲ್ಲದೆ ಈ ಪರೀಕ್ಷೆ ಮಾಡಬೇಡಿ. ಖಾಲಿ ಹೊಡೆದರೆ ಪಿಸ್ಟನ್ ಮುಂದೆ ಹೋಗಿ ಅಪ್ಪಳಿಸುತ್ತದೆ. ಸಿಲಿಂಡರ್ ರೈಫಲ್ಲಿನಲ್ಲಿ ಪೆಲೆಟ್ ತಳ್ಳುವ ಪಿನ್ನಿನ ಮೇಲೆ ಸಣ್ಣ ಓ-ರಿಂಗ್ ಇದೆ. ಅದು ಸವೆದರೆ ಹೊಡೆದಾಗ ಕೆನ್ನೆಗೆ ತಣ್ಣಗೆ ಗಾಳಿ ತಾಗುತ್ತದೆ. ಮಕ್ಕಳು ಅದನ್ನು ತಾವಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಓ-ರಿಂಗ್ ಹಾಕುವಾಗ ಅದೇ ಅಳತೆಯದೇ ಹಾಕಿ. ಪಂಪ್‌ಸೆಟ್ ಅಂಗಡಿಯಲ್ಲಿ ಹತ್ತಿರದ ಸೈಜ್ ಸಿಗುತ್ತದೆ ಅಂತ ಅದನ್ನೇ ತುರುಕಬೇಡಿ. ದಪ್ಪ ಜಾಸ್ತಿ ಆದರೆ ಬ್ಯಾರೆಲ್ ಪೂರ್ತಿ ಮುಚ್ಚುವುದಿಲ್ಲ, ಆಗ ಒಂದು ದೋಷ ಹೋಗಿ ಎರಡು ಬರುತ್ತವೆ.

ಸಿಲಿಂಡರಿನ ಗಾಳಿಯನ್ನು ಪ್ರತಿ ಶಾಟಿಗೂ ಒಂದೇ ಒತ್ತಡದಲ್ಲಿ ಕೊಡುವ ರೆಗ್ಯುಲೇಟರ್ ಬಗ್ಗೆ ಒಂದೇ ಮಾತು. ಹತ್ತು ನಿಮಿಷ ಬಿಟ್ಟು ಹೊಡೆದ ಮೊದಲ ಶಾಟ್ ಪ್ರತಿ ಸಲವೂ ಮೇಲೆ ಹೋಗಿ, ಆಮೇಲಿನವು ಸರಿ ಬಿದ್ದರೆ ರೆಗ್ಯುಲೇಟರ್ ಒತ್ತಡವನ್ನು ಹಿಡಿದಿಡುತ್ತಿಲ್ಲ. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಲೇತ್ ಕೆಲಸ ಬಲ್ಲ ನಾನೇ ಬಿಚ್ಚುವುದಿಲ್ಲ.

ಎಣ್ಣೆ, ಧೂಳು, ಸೀಸ

ನಮ್ಮ ಊರಲ್ಲಿ ದಾಲ್ ಮಿಲ್ಲುಗಳ ಹೊಟ್ಟು, ಕಪ್ಪು ಮಣ್ಣಿನ ಧೂಳು ಎರಡೂ ಇವೆ. ತೊಗರಿ ರಾಶಿಯ ಕಾಲದಲ್ಲಂತೂ ಬಟ್ಟೆ ಮುಚ್ಚದೆ ಬಿಟ್ಟ ವಸ್ತುವಿನ ಮೇಲೆ ಸಂಜೆಗೆ ಬೆರಳಲ್ಲಿ ಹೆಸರು ಬರೆಯಬಹುದು. ಪೆಲೆಟ್ ಡಬ್ಬಿ ತೆರೆದಿಡಬೇಡಿ. ಎಣ್ಣೆ ಪಸೆ ಇರುವ ಪೆಲೆಟ್ಟಿಗೆ ಧೂಳು ಅಂಟಿದರೆ ಅದು ಬ್ಯಾರೆಲ್ಲಿಗೆ ಉಪ್ಪು ಕಾಗದದ ಕೆಲಸ ಮಾಡುತ್ತದೆ. ಡಬ್ಬಿಯ ಮುಚ್ಚಳದೊಳಗೆ ಸ್ಪಂಜಿನ ತುಂಡು ಇಡಿ. ಯಾದಗಿರಿಯಿಂದ ಬರುವ ಹುಡುಗನೊಬ್ಬ ಅರ್ಧ ಖಾಲಿಯಾದ ಡಬ್ಬಿಯನ್ನು ಬೈಕಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುತ್ತಿದ್ದ. ದಾರಿಯುದ್ದಕ್ಕೂ ಪೆಲೆಟ್‌ಗಳು ಒಂದಕ್ಕೊಂದು ಬಡಿದು ಲಂಗಗಳೆಲ್ಲ ಬಗ್ಗಿದ್ದವು. ಅನುಮಾನ ಬಂದರೆ ಕನ್ನಡಿಯ ಗಾಜಿನ ಮೇಲೆ ಉರುಳಿಸಿ ನೋಡಿ. ಒಳ್ಳೆಯ ಪೆಲೆಟ್ ನಯವಾದ ಬಿಲ್ಲಿನ ದಾರಿಯಲ್ಲಿ ಉರುಳುತ್ತದೆ, ಯಾಕೆಂದರೆ ಲಂಗ ತಲೆಗಿಂತ ದೊಡ್ಡದು. ಬಗ್ಗಿದ್ದು ಕುಂಟುತ್ತದೆ. ತೂಕ ನೋಡಬೇಕಾದರೆ ಅಡಿಗೆಮನೆ ತಕ್ಕಡಿ ಬೇಡ. ಸರಾಫರ ತಕ್ಕಡಿ, ಗ್ರಾಂನ ಸಾವಿರದ ಒಂದು ಪಾಲು ತೋರಿಸುವಂಥದ್ದು ಬೇಕು. ಆದರೆ ನನ್ನ ಅನುಭವದಲ್ಲಿ ತೂಕದ ವ್ಯತ್ಯಾಸಕ್ಕಿಂತ ಬಗ್ಗಿದ ಲಂಗವೇ ಜಾಸ್ತಿ ಪಾಯಿಂಟ್ ತಿನ್ನುತ್ತದೆ.

ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಬ್ಯಾರೆಲ್ಲಿಗೆ ಬಿಡುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ಸ್ಪ್ರಿಂಗ್ ರೈಫಲ್ಲಿನಲ್ಲಿ ಪಿಸ್ಟನ್ ಗಾಳಿಯನ್ನು ಒಮ್ಮೆಲೇ ಒತ್ತಿದಾಗ ಅದು ಕಾದು, ಎಣ್ಣೆ ಹೊತ್ತಿಕೊಳ್ಳುತ್ತದೆ. ಫಟ್ ಅಂತ ಜೋರು ಶಬ್ದ, ಬಾಯಿಂದ ನೀಲಿ ಹೊಗೆ, ಸುಟ್ಟ ವಾಸನೆ. ಹುಡುಗರಿಗೆ ಖುಷಿ, ಪವರ್ ಬಂತು ಅಂತ. ಆದರೆ ಶಾಟ್ ಎಲ್ಲೋ ಹೋಗುತ್ತದೆ, ಸೀಲ್ ಸುಡುತ್ತದೆ. ಒಣ ಬಟ್ಟೆಯ ಚೂರು ದಾರಕ್ಕೆ ಕಟ್ಟಿ ಹಿಂಬಾಯಿಂದ ಮುಂಬಾಯಿಗೆ ಎಳೆಯಿರಿ, ಬಟ್ಟೆ ಬಿಳಿಯಾಗಿ ಬರುವವರೆಗೆ. ಸಿಲಿಂಡರ್ ರೈಫಲ್ಲಿಗೆ ಉಣ್ಣೆಯ ಕ್ಲೀನಿಂಗ್ ಪೆಲೆಟ್ ಸಿಗುತ್ತವೆ, ಎರಡು ಮೂರು ಹಾರಿಸಿದರೆ ಸಾಕು. ಸ್ಪ್ರಿಂಗ್ ರೈಫಲ್ಲಿನಲ್ಲಿ ಅವನ್ನು ಹಾರಿಸಬೇಡಿ, ಅಷ್ಟು ಹಗುರವಾದದ್ದು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಕ್ಲೀನ್ ಆದ ಮೇಲಿನ ಮೊದಲ 10, 15 ಶಾಟ್ ಲೆಕ್ಕಕ್ಕೆ ಹಿಡಿಯಬೇಡಿ. ಬ್ಯಾರೆಲ್ಲಿನೊಳಗೆ ಸೀಸದ ತೆಳು ಪದರ ಮತ್ತೆ ಕೂರಬೇಕು. ಹಾಗೆಂದು ದಿನಾ ತಿಕ್ಕುವುದೂ ಬೇಡ.

ಸೀಸ ವಿಷ. ಇದನ್ನು ಮಕ್ಕಳಿರುವ ಮನೆಯವನಾಗಿ ಹೇಳುತ್ತಿದ್ದೇನೆ. ಪೆಲೆಟ್ ಬಾಯಲ್ಲಿ ಇಟ್ಟುಕೊಂಡು ಒಂದೊಂದೇ ತೆಗೆದು ತುಂಬುವ ಹುಡುಗರನ್ನು ನೋಡಿದ್ದೇನೆ. ಕೂಡಲೇ ಬಿಡಿಸಿ. ಅಭ್ಯಾಸ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು. ಪೆಟ್ಟಿಗೆಯ ಸುತ್ತ ಕಸಬರಿಗೆ ಹಾಕಬೇಡಿ, ಪುಡಿ ಗಾಳಿಗೆ ಏಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಂದು ಸಲಕ್ಕೆ ಒಂದೇ

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದೇ ಬದಲಿಸಿ, ಹತ್ತು ಶಾಟ್ ಹೊಡೆದು ಬರೆದಿಡಿ. ನಾನು ಆ ಮೇ ತಿಂಗಳಲ್ಲಿ ಪೆಲೆಟ್, ಸೈಟ್, ಸ್ಕ್ರೂ ಮೂರನ್ನೂ ಒಂದೇ ದಿನ ಬದಲಿಸಿದೆ. ಗ್ರೂಪ್ ಸ್ವಲ್ಪ ಸುಧಾರಿಸಿದಂತೆ ಕಂಡಿತು. ಯಾವುದರಿಂದ ಅಂತ ಗೊತ್ತಾಗಲಿಲ್ಲ. ಆ ಗೊಂದಲದಲ್ಲೇ ಎರಡನೇ ವಾರ ಹೋದದ್ದು. ಈಗ ಮಗಳ ಹತ್ತಿರ 200 ಪುಟದ ಒಂದು ನೋಟ್‌ಬುಕ್ ಇದೆ. ತಾರೀಕು, ಲಾಟ್ ನಂಬರ್, ಸಿಲಿಂಡರ್ ಒತ್ತಡ, ಬದಲಿಸಿದ್ದು ಏನು, ಪಕ್ಕದಲ್ಲಿ ಗ್ರೂಪಿನ ಅಳತೆ.

ಇಷ್ಟೆಲ್ಲ ನೋಡಿಯೂ ಸರಿಯಾಗದಿದ್ದರೆ, ಹಿಂಬಾಯಿಯ ಅಂಚು ಗಾಯವಾಗಿದ್ದರೆ, ಪಿನ್ ಬಗ್ಗಿದ್ದರೆ, ಕಂಪನಿಯ ಸರ್ವಿಸಿಗೆ ಕಳಿಸಿ. ಸಿಲಿಂಡರ್ ಮೇಲೆ ಒತ್ತಿದ ತಾರೀಕನ್ನೂ ಆಗಲೇ ನೋಡಿಕೊಳ್ಳಿ, ಹತ್ತು ವರ್ಷ ದಾಟಿದ್ದರೆ ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಕಳಿಸುವಾಗ "ಗ್ರೂಪ್ ಬರುತ್ತಿಲ್ಲ" ಅಂತ ಮಾತ್ರ ಬರೆದರೆ ಅವರೂ ಮೊದಲಿನಿಂದ ಹುಡುಕಬೇಕಾಗುತ್ತದೆ. ತಳ್ಳಿ ತೆಗೆದ ಐದು ಪೆಲೆಟ್ಟನ್ನು, 12 ಗಂಟೆಯ ಚುಕ್ಕೆ ಕಾಣುವ ಹಾಗೆ, ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟು ರೈಫಲ್ಲಿನ ಜೊತೆ ಕಳಿಸಿ.